ನಿಂಬೆಹಣ್ಣು ದಾಟದ ಕಾರು

ನಾಲ್ಕು ಚಕ್ರಗಳ ಮುಂದೆ ಇಟ್ಟ ನಾಲ್ಕು ನಿಂಬೆಹಣ್ಣು ಇಟ್ಟಂತೆಯೇ ಇದ್ದವು. ರಾಹುಕಾಲ ಕಳೆಯಲಿ, ಆಮೇಲೆ ಗಾಡಿ ತೆಗೆದರಾಯಿತು ಎಂದು ಸೊಣ್ಣಪ್ಪ ಕಾಯುತ್ತಿದ್ದ. ಅದು ೧೯೭೮ರ ಆಯುಧಪೂಜೆಯ ಬೆಳಿಗ್ಗೆ. ಶ್ರೀನಿವಾಸಪುರದ ಪಕ್ಕದ ಆ ಹಳ್ಳಿಗೆಲ್ಲ ಇದ್ದದ್ದು ಅವನದೊಂದೇ ಅಂಬಾಸಿಡರ್ ಟ್ಯಾಕ್ಸಿ.

ಈಗ ರಾಹುಕಾಲವನ್ನು ಯಾರು ಕೇಳುತ್ತಾರೆ! ತೋರಣಕ್ಕೆ ಮಾವಿನಸೊಪ್ಪು ತರಲು ತೋಪಿಗೆ ಹೋಗಿದ್ದ ಹೆಂಡತಿ ಬೈರಮ್ಮನಿಗೆ ತರಗೆಲೆಯೊಳಗಿದ್ದ ಕೊಳಕುಮಂಡಲ ಹಾವು ಕಚ್ಚಿತ್ತು. ಹಿಂದಿನ ಸೀಟಿನಲ್ಲಿ ಒರಗಿದ್ದಳು, ಪಾದ ಬಾತುಕೊಂಡಿತ್ತು. ವಿಷ ಇಳಿಸುವ ಇಂಜೆಕ್ಷನ್ ಇರುವುದು ಕೋಲಾರದ ದೊಡ್ಡಾಸ್ಪತ್ರೆಯಲ್ಲಿ. ಮುಂದಿನ ಬಸ್ಸು ಮಧ್ಯಾಹ್ನಕ್ಕೆ.

ಸೊಣ್ಣಪ್ಪ ಸೆಲ್ಫ್ ಹೊಡೆದ. ಇಂಜಿನ್ನು ಗರಗರನೆ ತಿರುಗಿತೇ ಹೊರತು ಹತ್ತಲಿಲ್ಲ. ಮತ್ತೆ ಹೊಡೆದ. ಅದೇ ಕಥೆ.

"ತಳ್ಳಾಣ ಕಣಣ್ಣ, ನಾಕು ಜನ ಕರೀತೀನಿ," ಎಂದ ಪಕ್ಕದ ಮನೆಯ ನರಸಿಂಹಪ್ಪ.

"ಸೆಲ್ಫ್ ಚೆನ್ನಾಗೇ ತಿರುಗ್ತೈತೆ, ಬ್ಯಾಟ್ರಿ ಸರಿಯಾಗೈತೆ. ತಳ್ಳಿದ್ರೆ ಏನ್ಲಾ ಬಂತು?"

ಬಾನೆಟ್ಟು ಎತ್ತಿದ. ಪೆಟ್ರೋಲು ಬರುತ್ತಿತ್ತು. ಒಂದು ಪ್ಲಗ್ಗಿನ ವೈರು ಕಿತ್ತು, ತುದಿಯನ್ನು ಇಂಜಿನ್ನಿಗೆ ಕೂದಲೆಳೆ ದೂರದಲ್ಲಿ ಹಿಡಿದು, ಸೆಲ್ಫ್ ಹೊಡೆಯಲು ನರಸಿಂಹಪ್ಪನಿಗೆ ಹೇಳಿದ. ಹಾರಬೇಕಿದ್ದ ಕಿಡಿ ಹಾರಲಿಲ್ಲ.

ಅವನ ಸಿಟ್ಟು ನೆತ್ತಿಗೇರಿತು, ಹಿಂದಿನ ಸೀಟಿನತ್ತ ಕೂಗಿದ. "ಬೆಳಿಗ್ಗೆ ಗಾಡಿ ಮೇಲೆ ಬಿಂದಿಗೆಗಟ್ಲೆ ನೀರು ಸುರಿದೋಳು ನೀನೇ ತಾನೆ? ಒರೆಸು ಸಾಕು ಅಂತ ಬಡ್ಕೊಂಡೆ! ಕರೆಂಟೆಲ್ಲ ನೀರುಪಾಲು ಮಾಡಿಟ್ಟಿದ್ದೀಯ!"

ಬೈರಮ್ಮ ಕಣ್ಣು ಮುಚ್ಚಿಕೊಂಡಳು. ಹಾವು ಕಚ್ಚಿದವಳನ್ನು ಹಿಂಗೆ ಬೈಯುವ ಗಂಡಸನ್ನು ಏನೆನ್ನಬೇಕೋ! ಆದರೆ ಅದು ಬೈಗುಳವಲ್ಲ, ಭಯ. ಅವಳಿಲ್ಲದ ಮನೆ ಅವನ ಕಣ್ಣೆದುರು ಬಂದು ನಿಂತಿತ್ತು.

ವೈರುಗಳನ್ನೆಲ್ಲ ಹೆಗಲ ಟವೆಲ್ಲಿನಿಂದ ಒರೆಸಿದ. ಕಿಡಿ ಇಲ್ಲ. ಕಿಡಿಗೆ ಕರೆಂಟು ಕೊಡುವ ಕಾಯಿಲಿನಿಂದ ಬರುವ ದೊಡ್ಡ ವೈರನ್ನೇ ಹಿಡಿದು ನೋಡಿದ. ಅಲ್ಲೂ ಇಲ್ಲ. ಡಿಕ್ಕಿಯಲ್ಲಿದ್ದ ಹಳೇ ಕಾಯಿಲನ್ನು ತಂದು ಹಾಕಿದ. ಅದಕ್ಕೆ ಹತ್ತು ನಿಮಿಷ ಹಾಳಾಯಿತು. ಆಗಲೂ ಇಲ್ಲ. ಸ್ಪ್ಯಾನರನ್ನು ಮಣ್ಣಿಗೆ ಎಸೆದ.

"ಅಯ್ಯೋ ದೇವುಡಾ, ಅಣ್ಣ, ಅತ್ತಿಗೆ ಒಸಡಲ್ಲಿ ರಕ್ತ ಬರ್ತೈತೆ," ಎಂದ ನರಸಿಂಹಪ್ಪ, ಮೆಲ್ಲಗೆ.

ಸೊಣ್ಣಪ್ಪ ತಿರುಗಿ ನೋಡಲಿಲ್ಲ. ನೋಡಿದ್ದರೆ ಕೈಯೇ ಓಡುತ್ತಿರಲಿಲ್ಲ.

"ಏನೂಂದ್ರೆ," ಬೈರಮ್ಮನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಎಲ್ಲಾದಕ್ಕೂ ಬೊಟ್ಟು ಇಟ್ರಲ್ಲ, ಆ ಕಪ್ಪು ಮುಚ್ಚಳದ ಒಳಗೂ ಇಟ್ರಿ. ಆ ದೇವರೂ ಕೈ ಬಿಟ್ಟನಾ?"

ಸೊಣ್ಣಪ್ಪ ಇದ್ದಲ್ಲೇ ನಿಂತುಬಿಟ್ಟ. ಕಪ್ಪು ಮುಚ್ಚಳ ಎಂದರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡೆಲ್ಕೋ. ಸ್ಟೀರಿಂಗು, ಬ್ಯಾಟ್ರಿ, ಹಾರನ್ನು ಎಲ್ಲಕ್ಕೂ ಬೊಟ್ಟಿಟ್ಟು, ಕೊನೆಗೆ ಡೆಲ್ಕೋ ಬಿಚ್ಚಿ, ಬೆಂಕಿ ಹುಟ್ಟುವ ಜಾಗ ಇದೇ ಅಲ್ಲವೇ ಎಂದು ಕೈಮುಗಿದು, ಒಳಗಿನ ಪಾಯಿಂಟಿಗೂ ಗಂಧ ಮೆತ್ತಿದ್ದವನು ಅವನೇ.

ಮುಚ್ಚಳ ಕಿತ್ತ. ಒಂದಕ್ಕೊಂದು ತಾಗಬೇಕಾದ ಎರಡು ಪಾಯಿಂಟುಗಳ ನಡುವೆ ಗಂಧ ಒಣಗಿ ಗಟ್ಟಿಯಾಗಿ ಕರೆಂಟನ್ನು ತಡೆದಿತ್ತು. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ತಿಕ್ಕಿದ. ಬೆಂಕಿಪೊಟ್ಟಣದ ಕಡ್ಡಿ ಗೀರುವ ಮಗ್ಗುಲನ್ನು ಹರಿದು, ನಡುವೆ ತೂರಿಸಿ ಉಜ್ಜಿದ. ಸ್ಕ್ರೂಡ್ರೈವರಿನಿಂದ ಪಾಯಿಂಟು ಬಿಡಿಸಿದಾಗ ಸಣ್ಣದೊಂದು ನೀಲಿ ಕಿಡಿ ಚಟ್ಟೆಂದಿತು. ಮುಚ್ಚಳ, ವೈರುಗಳನ್ನು ಮತ್ತೆ ಹಾಕಿದ.

"ಹೊಡೆಯೋ!"

ಇಂಜಿನ್ನು ಒಂದೇ ಏಟಿಗೆ ಹತ್ತಿತು. ಬಾನೆಟ್ಟು ಮುಚ್ಚಿ ಸೊಣ್ಣಪ್ಪ ಸ್ಟೀರಿಂಗಿಗೆ ಹಾರಿದ, ನರಸಿಂಹಪ್ಪ ಹಿಂದೆ ಕೂತು ಬೈರಮ್ಮನ ತಲೆ ಹಿಡಿದುಕೊಂಡ. ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಕೋಲಾರದವರೆಗೂ ಸೊಣ್ಣಪ್ಪ ಹಾರನ್ನಿನಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಅವಳಿಗೆ ಎಚ್ಚರವಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟಳು. ಸೊಣ್ಣಪ್ಪ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ.

"ನಿನ್ನ ಬಾಯಿಗೆ ಬಂದಂಗೆ ಬೈದುಬಿಟ್ಟೆ ಕಣೇ. ತಪ್ಪು ನಂದು. ನೀರಲ್ಲ, ನಾನಿಟ್ಟ ಗಂಧ."

"ಗೊತ್ತಾಯ್ತು ಬಿಡಿ," ಎಂದಳು ಬೈರಮ್ಮ. "ಮುಂದಿನ ವರ್ಷ ಗಂಧದ ಬಟ್ಲು ನನ್ನ ಕೈಲಿರ್ಲಿ. ನೀವು ಕಾಯಿ ಒಡೀರಿ, ಸಾಕು."

ಬಟ್ಟಲು, ಕಾಯಿ ಯಾವುದೂ ಸೊಣ್ಣಪ್ಪನ ಕಿವಿಗೆ ಬೀಳಲಿಲ್ಲ. ಅವಳು 'ಮುಂದಿನ ವರ್ಷ' ಅಂದದ್ದೊಂದೇ ಕೇಳಿಸಿತು. ಟವೆಲ್ಲು ಮುಖಕ್ಕೆ ಒತ್ತಿಕೊಂಡು ಅತ್ತ.