ಬಟಾಣಿಯ ಪಕ್ಕ ಮಲಗಿದ ಪುಸ್ತಕ

ಈ ಮರದ ತುಂಡಿನ ಮಗ್ಗುಲಲ್ಲಿ ಎಷ್ಟೊಂದು ಗೆರೆ, ಒಂದರ ಮೇಲೊಂದು, ಕೂದಲೆಳೆಯಷ್ಟು ಸಣ್ಣವು, ಹತ್ತು, ಹನ್ನೊಂದು, ಹನ್ನೆರಡು — ಎಣಿಸುತ್ತಿರಬೇಕು, ಎಣಿಸುತ್ತಿದ್ದರೆ ಕಣ್ಣು ಮೇಡಂ ಮುಖದ ಕಡೆ ಹೋಗುವುದಿಲ್ಲ, ಹೆಬ್ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು ಅವರು ಪುಸ್ತಕದ ಒಂದೊಂದೇ ಹಾಳೆ ತಿರುಗಿಸುವುದು ಕಾಣುವುದಿಲ್ಲ, ಕಾಣದಿದ್ದರೂ ಕೇಳಿಸುತ್ತದಲ್ಲ, ಸರಕ್, ಸರಕ್, ಒಣ ಹಾಳೆಯ ಸದ್ದು, ಸದ್ಯ, ಒಣಗಿದೆ, ಒಂದಕ್ಕೊಂದು ಅಂಟಿಕೊಂಡಿಲ್ಲ. ಎರಡು ತಿಂಗಳಿಂದ ಈ ಗ್ರಂಥಾಲಯದಲ್ಲಿ ಕೆಲಸ ಕಲಿಯುತ್ತಿದ್ದೇನೆ, ದಿನಾ ಈ ಮೇಜಿನ ಮುಂದೆ ನಿಂತಿದ್ದೇನೆ, ಫ್ಯಾನಿನ ಗಾಳಿಗೆ ಕಾಗದ ಹಾರದಿರಲಿ ಎಂದು ಇಟ್ಟ ಈ ಕಂದು ತುಂಡನ್ನು ಒಂದು ದಿನವೂ ನೆಟ್ಟಗೆ ನೋಡಿರಲಿಲ್ಲ, ತಪ್ಪು ಮಾಡಿ ನಿಂತವರಿಗೇ ಇಂಥವೆಲ್ಲ ಕಾಣುವುದೇನೋ. ಇವತ್ತು ಕೊನೆಯ ದಿನ, ತುಂಡಿನ ಕೆಳಗೇ ನನ್ನ ಪ್ರಮಾಣಪತ್ರ ಇದೆ, ಮೇಡಂ ಸಹಿ ಒಂದು ಬಿದ್ದರೆ ಓದು ಮುಗಿದ ಹಾಗೆ, ಬೀಳದಿದ್ದರೆ ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಅದೂ ನೀರಿನಿಂದಲೇ ಆದ ಅನಾಹುತ, ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಒಂದು ಬಾಟಲಿ ನೀರು, ಅಷ್ಟೇ. ಓದುವ ಕೋಣೆಯ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ನೀರಿನ ಬಾಟಲಿ ಒಳಗೆ ತರಬೇಡಿ ಎಂದು ಬರೆದು ಅಂಟಿಸಿದವಳು ನಾನೇ, ಕೆಳಗೆ ಒಂದು ಹನಿಯ ಚಿತ್ರ ಬೇರೆ ಬರೆದಿದ್ದೆ, ಹನಿಗೆ ಅಳುವ ಮುಖ — ಅದೇ ಸಂಜೆ ನನ್ನದೇ ಚೀಲದಲ್ಲಿ ನನ್ನದೇ ಬಾಟಲಿ ಮುಚ್ಚಳ ಸಡಿಲವಾಗಿ ಕೂತಿತ್ತು, ಅದರ ಪಕ್ಕದಲ್ಲಿ ಸಲಹೆ ಪುಸ್ತಕ. ಮನೆಗೆ ಒಯ್ಯಬಾರದ ಪುಸ್ತಕ, ಓದುಗರು ಮೂವತ್ತು ವರ್ಷದಿಂದ ಕೈಯಲ್ಲಿ ಬರೆದಿಟ್ಟದ್ದು, ಇನ್ನೊಂದು ಪ್ರತಿ ಎಲ್ಲೂ ಇಲ್ಲ, ಬೆನ್ನಿನ ಹೊಲಿಗೆ ಬಿಟ್ಟಿತ್ತು, ಮುಟ್ಟಬೇಡ, ಬೈಂಡರ್ ಬರ್ತಾರೆ ಅಂದಿದ್ದರು ಮೇಡಂ. ನನಗೆ ಕೇಳಬೇಕಲ್ಲ. ಕಸೂತಿ ಹಾಕುವ ಕೈ ಇದು, ಇಷ್ಟು ಹೊಲಿಗೆ ಎಷ್ಟರದು, ಕೊನೆಯ ದಿನ ಹೊಲಿದು ತಂದು ಮೇಜಿನ ಮೇಲಿಟ್ಟರೆ ಮೇಡಂ ಬಾಯಿ ಬಿಟ್ಟು ನೋಡಬೇಕು, ಅದಕ್ಕೆಂದೇ ದಾರಕ್ಕೆ ಮೇಣದಬತ್ತಿ ಉಜ್ಜಿ ಇಟ್ಟಿದ್ದೆ, ಮೇಣ ಉಜ್ಜಿದರೆ ಸಿಕ್ಕಾಗುವುದಿಲ್ಲ, ದಾರ ಪೋಣಿಸುವಾಗ ದಾರ ಒದ್ದೆ ಮಾಡ್ಬೇಡ ಕಣೆ, ಸೂಜಿ ಕಣ್ಣು ಒದ್ದೆ ಮಾಡು ಅನ್ನುತ್ತಾಳೆ ಅಜ್ಜಿ, ನಾನು ಸೂಜಿ ಕಣ್ಣು ಬಿಟ್ಟು ಇಡೀ ಪುಸ್ತಕ ಒದ್ದೆ ಮಾಡಿದೆ. ಮನೆಯಲ್ಲಿ ಚೀಲಕ್ಕೆ ಕೈ ಹಾಕಿದಾಗ ತಣ್ಣಗೆ ತಾಗಿತಲ್ಲ, ಆ ತಣ್ಣಗೆ ಈಗಲೂ ಬೆರಳ ತುದಿಯಲ್ಲಿದೆ, ಹಾಳೆಗಳ ಕೆಳಗಿನ ಅಂಚು ಎರಡು ಬೆರಳಿನಷ್ಟು ನೆನೆದು ಊದಿಕೊಂಡಿತ್ತು, ಮಸಿ ಪೆನ್ನಿನ ಅಕ್ಷರ, ನೀರು ಇನ್ನೊಂದು ಸಾಲು ಮೇಲೆ ಹತ್ತಿದರೆ ಎಲ್ಲ ನೀಲಿ ರಾಡಿ.

ಆಗ ನೆನಪಾದದ್ದು ಉಪಾಯದ ಪುಸ್ತಕ, ನನ್ನ ಹಳದಿ ನೋಟ್‌ಬುಕ್, ಎಲ್ಲಿ ಏನು ಕಲಿತರೂ ಅದರಲ್ಲಿ ಬರೆಯುವುದು ಚಟ — ಹಳೆಯ ಆಲ್ಬಮ್ಮಿಗೆ ಅಂಟಿದ ಫೋಟೊ ಕೀಳಬಾರದು, ಹಲ್ಲು ಸಂದಿಯ ದಾರವನ್ನು ಅದರ ಕೆಳಗೆ ಗರಗಸದ ಹಾಗೆ ಎಳೆಯಬೇಕು, ಮುಗ್ಗಲು ವಾಸನೆಯ ಪುಸ್ತಕವನ್ನು ಅಡುಗೆ ಸೋಡಾದ ಜೊತೆ ಡಬ್ಬಿಯಲ್ಲಿ ನಾಲ್ಕು ದಿನ ಮುಚ್ಚಿಡಬೇಕು, ಕಳೆದುಹೋದ ಪುಸ್ತಕ ಮೊದಲು ಸಾಲಿನ ಹಿಂದೆ ಬಿದ್ದಿದೆಯಾ ನೋಡಬೇಕು, ಊರೆಲ್ಲ ಆಮೇಲೆ, ಅಲುಗಾಡುವ ಕುರ್ಚಿಗೆ ಹಳೆಯ ಕಾರ್ಡು ನಾಲ್ಕು ಮಡಿಕೆ — ಮತ್ತು ನಲವತ್ತನೆಯದು, ನೆನೆದ ಪುಸ್ತಕಕ್ಕೆ ತಕ್ಷಣ ದಾರಿ ಕಾಣದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡು, ಮಸಿ ಹರಡುವುದು ನಿಲ್ಲುತ್ತದೆ, ಬೂಷ್ಟು ಹಿಡಿಯುವುದಿಲ್ಲ, ಆಮೇಲೆ ಮುಚ್ಚದೆ, ಹಾಳೆಗಳ ನಡುವೆ ತೆಳು ಕಾಗದವಿಟ್ಟು ಗಾಳಿಗೆ ಒಣಗಿಸು. ಇಟ್ಟೆ. ಬೆಳಿಗ್ಗೆ ಅಮ್ಮ ಫ್ರೀಜರ್ ಬಾಗಿಲು ಹಿಡಿದುಕೊಂಡೇ ಕೂಗಿದಳು, ಏನೇ ಇದು, ಬಟಾಣಿ ಪಕ್ಕ ಪುಸ್ತಕ ಮಲಗಿಸಿದೀಯ, ಅಜ್ಜಿ ಕೂತಲ್ಲಿಂದಲೇ, ಅದಕ್ಕೆ ಜ್ವರ ಬಂದಿರ್ಬೇಕು, ಇರ್ಲಿ ಬಿಡು, ಅಂದಳು, ನನಗೆ ಅಳು ಬರುವುದರಲ್ಲಿತ್ತು, ನಗು ಬಂತು, ಆಮೇಲೆ ಅಳುವೂ ಬಂತು.

ಸರಕ್. ಎಷ್ಟನೆಯ ಹಾಳೆಯೋ. ಫ್ರೀಜರಿನಿಂದ ತೆಗೆದು ಮನೆಯ ಫ್ಯಾನಿನ ಮುಂದೆ ಪುಸ್ತಕವನ್ನು ಬಿಡಿಸಿ ನಿಲ್ಲಿಸಿದೆವು, ಹಾಳೆಗೊಂದು ತೆಳು ಬಿಳಿ ಕಾಗದ, ಗಂಟೆಗೊಮ್ಮೆ ಬದಲಾಯಿಸಬೇಕು, ನಾನು ಇಲ್ಲಿ ಕೆಲಸಕ್ಕೆ ಬಂದರೆ ಅಲ್ಲಿ ಅಜ್ಜಿಯ ಪಾಳಿ, ಮೂರು ದಿನ ಮಧ್ಯಾಹ್ನದ ನಿದ್ದೆ ಬಿಟ್ಟು ಪುಸ್ತಕದ ಬಾಣಂತನ ಮಾಡಿದಳು, ಕಾಗದ ಬದಲಾಯಿಸುತ್ತಾ ಓದುವುದು, ಓದುತ್ತಾ ನಗುವುದು, ಕೇಳು ಇಲ್ಲಿ, ಪಕ್ಕದ ಮೇಜಿನವರು ಪತ್ರಿಕೆ ಓದುವ ನೆಪದಲ್ಲಿ ಗೊರಕೆ ಹೊಡೆಯುತ್ತಾರೆ, ದಯವಿಟ್ಟು ಕ್ರಮ ಕೈಗೊಳ್ಳಿ. ಅವಳಿಗೆ ಬಹಳ ಹಿಡಿಸಿದ್ದು ಕಿಟಕಿ ಕುರ್ಚಿಯವರು, ಹೆಸರು ಹಾಕಿಲ್ಲ, ಮೊದಲ ಹಾಳೆಯಲ್ಲೇ ಅವರದು, ಈ ಮೊದಲೇ ತಿಳಿಸಿದಂತೆ ಕಿಟಕಿಯ ಪಕ್ಕದ ಕುರ್ಚಿಯ ಕಾಲು ಅಲುಗಾಡುತ್ತದೆ, ಕೆಳಗೆ ಕೆಂಪು ಮಸಿಯಲ್ಲಿ ಉತ್ತರ, ಸರಿಪಡಿಸಲಾಗುವುದು, ಮತ್ತೆ ಮೂರು ತಿಂಗಳಿಗೆ ಅದೇ ಕುರ್ಚಿ ಅದೇ ಉತ್ತರ, ಹದಿನೇಳು ಸಲ, ಕೊನೆಕೊನೆಗೆ ಅವರೂ ತಮಾಷೆಗಿಳಿದು ಕುರ್ಚಿಯ ಕಾಲು ಕ್ಷೇಮ, ಎಂದಿನಂತೆ ಅಲುಗಾಡುತ್ತಿದೆ ಎಂದು ಬರೆದಿದ್ದಾರೆ. ಈ ಮೊದಲೇ ಅಂದ್ರೆ ಯಾವಾಗ, ಇದಕ್ಕೂ ಹಿಂದೆ ಇನ್ನೊಂದು ಪುಸ್ತಕ ಇತ್ತಾ, ಅಜ್ಜಿ ಕೇಳಿದಳು, ನನಗೇನು ಗೊತ್ತು, ಇಲ್ಲಿ ಯಾವ ಕಪಾಟಿನಲ್ಲೂ ನೋಡಿಲ್ಲ. ಕಾರ್ಡು ಮಡಿಸಿ ಆ ಕಾಲಿನ ಕೆಳಗಿಟ್ಟವಳು ಮಾತ್ರ ನಾನು, ಹೋದ ತಿಂಗಳು, ಅಲುಗಾಟ ನಿಂತಿದೆ, ಹೇಳೋಣವೆಂದರೆ ಅವರು ಎಲ್ಲಿದ್ದಾರೋ.

ಎರಡನೆಯ ದಿನ ಸಂಜೆ ಹೋದರೆ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು, ಬಿಳಿ ಕಾಗದ ಮುಗೀತು, ನಿನ್ನ ಹೂವಿನ ಡಬ್ಬಿಯಿಂದ ತಗೊಂಡೆ, ತಪ್ಪಾಯ್ತೇನೋ, ಅಂದಳು. ನಾನು ಕಾಗದದ ಹೂವು ಮಾಡಲು ಕತ್ತರಿಸಿಟ್ಟ ಕೆಂಪು ಎಸಳು, ಒಂದೇ ಒಂದು ಎಸಳು ಸಾಕಾಗಿತ್ತು, ಒದ್ದೆ ಅಂಚಿನಲ್ಲಿ ಕೂತು ಬಣ್ಣ ಬಿಟ್ಟಿದೆ, ಹಾಳೆಯ ಕೆಳಮೂಲೆಯಲ್ಲಿ ಎಸಳಿನದೇ ಆಕಾರ, ಅಕ್ಷರದ ಮೇಲೆ ಹೋಗಿಲ್ಲ, ಪುಣ್ಯ. ತೆಳು ಕಾಗದ ಅಂತ ಹೇಳ್ದೆ, ಬಣ್ಣ ಹೇಳ್ಲಿಲ್ಲವಲ್ಲ ನೀನು. ಹೌದು ಅಜ್ಜಿ, ಹೇಳಲಿಲ್ಲ, ನಲವತ್ತನೆಯ ಉಪಾಯದಲ್ಲೂ ಬರೆದಿಲ್ಲ, ಈಗ ಬರೆದಿದ್ದೇನೆ. ಸದ್ದಿಲ್ಲದೆ ಕಪಾಟಿಗೆ ಸೇರಿಸಿಬಿಡೋಣ ಅಂದುಕೊಂಡೆ, ಯಾರು ತೆಗೆದು ನೋಡುತ್ತಾರೆ, ಅಜ್ಜಿಯೇ ಬೇಡವೆಂದಳು, ಹೇಳಿಬಿಡು, ಹೇಳಿದ್ರೆ ಒಂದು ದಿನ ಬೈಸ್ಕೋತೀಯ, ಹೇಳ್ದೆ ಇದ್ರೆ ದಿನಾ ನಿನ್ನ ನೀನೇ ಬೈಕೋತೀಯ. ಇವತ್ತು ಮೇಡಂ ಬೇರೇನೋ ಹುಡುಕುತ್ತಾ ಚೀಲ ತುಂಬಾ ಉಬ್ಬಿದೆಯಲ್ಲ ಅಂದರಷ್ಟೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಲ್ಲ ಒದರಿಬಿಟ್ಟೆ, ಒಯ್ದದ್ದು, ಬಾಟಲಿ, ಬಟಾಣಿ, ಎಲ್ಲವನ್ನೂ, ಎಸಳೊಂದನ್ನು ಬಿಟ್ಟು. ಅದು ನಾಲಿಗೆಗೆ ಬರಲಿಲ್ಲ.

ಸದ್ದು ನಿಂತಿತು. ಹದಿಮೂರು, ಹದಿನಾಲ್ಕು — ಗೆರೆ ತಪ್ಪಿತು, ಮತ್ತೆ ಮೊದಲಿನಿಂದ. ಇದೇನಿದು ಕೆಂಪು, ಅಂದರು ಮೇಡಂ. ಬಣ್ಣದ ಕಾಗದ ಇಟ್ಟುಬಿಟ್ಟೆ ಮೇಡಂ, ನಾನೇ, ನೋಡಿಕೊಳ್ಳಲಿಲ್ಲ. ಅಜ್ಜಿಯ ಹೆಸರು ಯಾಕೆ ಎಳೆಯುವುದು, ಮೂರು ದಿನ ನಿದ್ದೆ ಬಿಟ್ಟವಳು. ಮೇಡಂ ಎಸಳಿನ ಮೇಲೆ ಬೆರಳಾಡಿಸಿದರು, ಹಿಂದಿನ ಹಾಳೆ, ಮುಂದಿನ ಹಾಳೆ, ಅಂಚು ಹಿಡಿದು ಬಿಡಿಸಿ ನೋಡಿದರು, ಎಲ್ಲ ಬಿಡಿಯಾಗಿದೆ, ಅಲ್ವಾ, ಅಂದರು, ನನ್ನನ್ನು ಕೇಳಿದ ಹಾಗಿರಲಿಲ್ಲ, ಕನ್ನಡಕ ತೆಗೆದರು. ಮುಚ್ಚಿ ಒಣಗಿಸ್ಲಿಲ್ವಾ ನೀನು. ಇಲ್ಲ ಮೇಡಂ, ಮುಚ್ಚಿದರೆ ಅಂಟಿಕೊಳ್ಳುತ್ತೆ. ಭಾರ ಇಡ್ಲಿಲ್ವಾ. ಪೂರ್ತಿ ಒಣಗಿದ ಮೇಲೆ ಇಟ್ಟೆ. ಯಾರು ಹೇಳಿಕೊಟ್ರು. ನಾನು ಹಳದಿ ನೋಟ್‌ಬುಕ್ ತೆಗೆದು ಕೊಟ್ಟೆ, ನಲವತ್ತನೆಯ ಉಪಾಯದ ಪುಟ, ಅವರು ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಆ ಕಂದು ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು ಕೆಳಗಿನ ಪ್ರಮಾಣಪತ್ರ ಎಳೆದುಕೊಂಡು ಸಹಿ ಹಾಕಿದರು — ಹಾಕಿದರು, ನೀಲಿ ಮಸಿ, ಇನ್ನೂ ಹಸಿ, ಅಬ್ಬಾ, ಈಗ ಹೋಗಿ ಅಜ್ಜಿಗೆ ಹೇಳಬೇಕು, ಬೈಸಿಕೊಳ್ಳಲೂ ಇಲ್ಲ ಅಜ್ಜಿ ಎಂದು. ಇನ್ನೊಂದ್ಸಲ ಮನೆಗೆ ಹೊತ್ಕೊಂಡು ಹೋದ್ರೆ ಕೈ ಮುರೀತೀನಿ ಅಂದರು ಮೇಡಂ, ದನಿಯಲ್ಲಿ ಸಿಟ್ಟಿರಲಿಲ್ಲ, ಈ ಪುಟ ನಾನು ಬರ್ಕೋತೀನಿ, ನೋಟ್‌ಬುಕ್ ಇಲ್ಲೇ ಇರ್ಲಿ ನಾಳೆವರೆಗೆ.

ಹೊರಡಬಹುದಿತ್ತು. ಮೇಡಂ ಆ ತುಂಡನ್ನು ನನ್ನ ಕಡೆ ಸರಿಸಿದರು, ಇದೇನು ಗೊತ್ತಾ, ಅಂದರು, ಮರ ಅಲ್ವಾ ಮೇಡಂ, ಅಂದೆ, ಎಲ್ರೂ ಹಾಗೇ ಅಂದ್ಕೊಂಡ್ರು, ನಾನೂ ಸುಮ್ನಾಗ್ಬಿಟ್ಟೆ, ಇದು ಅದರ ಅಕ್ಕ, ಮೊದಲನೇ ಸಲಹೆ ಪುಸ್ತಕ, ನಾನು ಕೆಲಸಕ್ಕೆ ಸೇರಿದ ವರ್ಷ ಕಿಟಕಿಯಿಂದ ಮಳೆನೀರು ಬಿತ್ತು, ಕಿಟಕಿ ಮುಚ್ಚೋಕೆ ಮರೆತವಳು ನಾನೇ, ಹಾಳೆ ಸುಕ್ಕಾಗ್ಬಾರ್ದು ಅಂತ ಹಾಗೇ ಮುಚ್ಚಿ, ಮೇಲೆ ಕಲ್ಲು ಹೇರಿ, ಬಿಸಿಲಿಗಿಟ್ಟೆ, ಯಾರನ್ನೂ ಕೇಳ್ಲಿಲ್ಲ, ಯಾರಿಗೂ ಹೇಳ್ಲಿಲ್ಲ, ಒಂದು ಹಾಳೆನೂ ಬಿಡಿಸೋಕಾಗ್ಲಿಲ್ಲ, ಮೂವತ್ತು ವರ್ಷ ಆಯ್ತು, ಇವತ್ತು ನಿನಗೆ ಹೇಳ್ತಿದೀನಿ. ತುಂಡನ್ನು ಕೈಗೆತ್ತಿಕೊಂಡೆ, ಮರಕ್ಕಿಂತ ಹಗುರ, ಕುರ್ಚಿಯ ಮೊದಲ ದೂರು ಇದರೊಳಗೇ ಎಲ್ಲೋ ಇರಬೇಕು, ಗೊರಕೆ, ಫ್ಯಾನಿನ ಸದ್ದು, ಎಷ್ಟು ಜನರ ಕೈಬರಹ, ಉಗುರು ತೂರಿಸಿದರೆ ತೂರುವುದಿಲ್ಲ, ಮಗ್ಗುಲಿನ ಗೆರೆಗಳು ಮಾತ್ರ ಕಾಣುತ್ತವೆ, ಒಂದರ ಮೇಲೊಂದು, ಕೂದಲೆಳೆಯಷ್ಟು ಸಣ್ಣವು, ಇಷ್ಟು ಹೊತ್ತು ಮರದ ಗೆರೆ ಎಂದು ನಾನು ಎಣಿಸಿದವು, ಹತ್ತು ಹಾಳೆ, ಹನ್ನೊಂದು ಹಾಳೆ, ಹನ್ನೆರಡು ಹಾಳೆ