ಗುಂಡಿಯಿಲ್ಲದ ಕೋಟುಗಳು

ಬ್ಯೂನಸ್ ಐರಿಸ್‌ನ ವಿಲ್ಲಾ ಕ್ರೆಸ್ಪೋ ಕೇರಿಯ ಯೆಹೂದಿ ಹೆಂಗಸರಿಗೆ ಶುಕ್ರವಾರ ಬಂತೆಂದರೆ ಉಸಿರಾಡಲೂ ಪುರುಸೊತ್ತಿಲ್ಲ. ಹೊತ್ತು ಮುಳುಗಿ, ಯಾವ ಕೆಲಸವನ್ನೂ ಮುಟ್ಟಬಾರದ ಸಬ್ಬತ್ ಶುರುವಾಗುವುದರೊಳಗೆ ಕೋಳಿ ಬೆಂದಿರಬೇಕು, ಜಡೆ ಹೆಣೆದ ರೊಟ್ಟಿ ಒಲೆಯಿಂದ ಹೊರಬಿದ್ದಿರಬೇಕು, ನೆಲ ಒರೆಸಿರಬೇಕು, ಗಂಡನ ಬಟ್ಟೆ ಬಾಗಿಲ ಪಕ್ಕದ ಗೂಟದಲ್ಲಿ ತಯಾರಾಗಿ ತೂಗುತ್ತಿರಬೇಕು. 1943ರ ಜುಲೈ ತಿಂಗಳ ಆ ಶುಕ್ರವಾರ ಪೆರ್ಲಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಗೂಟದಲ್ಲಿ ಗಂಡ ನಾಖುಮನ ಹೊಸ ಕೋಟು ತೂಗುತ್ತಿತ್ತು. ಅದರ ಆರು ಕೊಂಬಿನ ಗುಂಡಿಗಳನ್ನು ಅವಳೇ ಬಟ್ಟೆಯಿಂದ ತಿಕ್ಕಿ ಫಳಫಳ ಮಾಡಿದ್ದಳು.

ಅಂಚೆಯವನು ಬಾಗಿಲು ಬಡಿದ. ಅವನ ಕೈಯಲ್ಲಿದ್ದ ಲಕೋಟೆಯ ಮೇಲೆ ನಾಲ್ಕು ದೇಶದ ಮುದ್ರೆಗಳಿದ್ದವು. ಅಕ್ಷರ ನೋಡಿದ್ದೇ ತಡ, ಪೆರ್ಲಾ ಹಿಟ್ಟಿನ ಕೈಯಲ್ಲೇ ಅದನ್ನು ಕಿತ್ತುಕೊಂಡಳು. ತಂಗಿ ಶೇಂಡಲ್‌ಳ ಕಾಗದ! ಪೋಲೆಂಡಿನಲ್ಲಿ ಗಂಡನನ್ನು ಕಳೆದುಕೊಂಡು, ಮಗಳು ಗಿಟಲ್‌ಳನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿದವಳು ಈಗ ರಷ್ಯಾದ ಯಾವುದೋ ಮೂಲೆಯ ನಿರಾಶ್ರಿತರ ಬಿಡಾರದಲ್ಲಿದ್ದಳು. ಬದುಕಿದ್ದಾಳೆ! ಪೆರ್ಲಾ ಕುರ್ಚಿಯ ಮೇಲೆ ಕುಸಿದು ಗಟ್ಟಿಯಾಗಿ ಅತ್ತಳು, ಆಮೇಲೆ ಓದಿದಳು.

"ಅಕ್ಕಾ, ಹೋದ ವರ್ಷ ನಿಮ್ಮ ಊರಿಂದ ಕಳಿಸಿದ ಮೂಟೆ ಕೈಸೇರಿತು. ಮೇಲೆ ದೊಡ್ಡಕ್ಷರದಲ್ಲಿ ಯಾರದೋ ಹೆಸರಿತ್ತು, ಒಳಗೆ ಉಣ್ಣೆ ಕೋಟುಗಳು. ನನಗೂ ಒಂದು ಸಿಕ್ಕಿತು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಒಂದೇ ಮಾತು, ಬೇಜಾರು ಮಾಡಿಕೊಳ್ಳಬೇಡ. ಯಾವ ಕೋಟಿಗೂ ಗುಂಡಿಯಿಲ್ಲ. ಇಲ್ಲಿ ಗುಂಡಿಯ ಮಾತಿರಲಿ, ದಾರದ ತುಂಡೂ ಸಿಗದು. ಒಂದು ಕೈಯಲ್ಲಿ ಕೋಟು ಮುಚ್ಚಿ ಹಿಡಿದಿರಬೇಕು. ಉಳಿಯುವುದು ಒಂದೇ ಕೈ. ಅದರಲ್ಲಿ ಸೌದೆ ಹೊತ್ತರೆ ಗಿಟಲ್‌ಳ ಕೈ ಬಿಡಬೇಕು, ಅವಳ ಕೈ ಹಿಡಿದರೆ ಸೌದೆ ಬಿಡಬೇಕು. ನಿನ್ನ ಅಕ್ಕನ ದೇಶದಲ್ಲಿ ಗುಂಡಿ ಬೆಳೆಯುವುದಿಲ್ಲವೇನೇ ಅಂತ ಇಲ್ಲಿನ ಹೆಂಗಸರು ನಗುತ್ತಾರೆ."

ಪೆರ್ಲಾಳ ಅಳು ಅಲ್ಲೇ ನಿಂತುಹೋಯಿತು. ಕೇರಿಯವರು ನಿರಾಶ್ರಿತರಿಗೆ ಕಳಿಸುವ ಈ ವರ್ಷದ ಮೂಟೆಗಳು ಪ್ರಾರ್ಥನಾ ಮಂದಿರದ ಹಿಂದಿನ ಕೊಠಡಿಯಲ್ಲಿ ಕಟ್ಟಿ ಕೂತಿವೆ. ಸೋಮವಾರ ಬೆಳಗಾದರೆ ಲಾರಿ, ಲಾರಿಯಿಂದ ಹಡಗು. ಈಗ ಹೊರಟರೆ ಅಲ್ಲಿಯ ಚಳಿಯ ಹೊತ್ತಿಗೆ ಮುಟ್ಟುತ್ತವೆ. ಈ ಹಡಗು ತಪ್ಪಿದರೆ ಇನ್ನೊಂದು ಯಾವಾಗಲೋ, ಯುದ್ಧದಲ್ಲಿ ಯಾರು ಹೇಳಬಲ್ಲರು? ಅವಳು ಕೋಳಿಯನ್ನು ಒಲೆಯ ಮೇಲೆಯೇ ಬಿಟ್ಟು, ಪಕ್ಕದ ಮನೆಯ ತೋಯ್ಬೆಗೆ "ಸ್ವಲ್ಪ ನೋಡ್ಕೊಳ್ಳೇ" ಎಂದು ಕೂಗಿ ಬೀದಿಗಿಳಿದು ಓಡಿದಳು.

ಕೊಠಡಿಯಲ್ಲಿ ಮೂಟೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಎದುರಿಗಿದ್ದ ಇಪ್ಪತ್ತು ಮೂಟೆಗಳ ಮೇಲೆ ಕಪ್ಪು ಬಣ್ಣದಲ್ಲಿ "ಜೆಲಿಗ್ ಕುಪರ್‌ಮನ್ ಅವರ ದಾನ" ಎಂದು ಬರೆದಿತ್ತು. ಕುಪರ್‌ಮನ್ ಅಂದರೆ ಕೇರಿಯ ದೊಡ್ಡ ಕೋಟಿನ ಕಾರ್ಖಾನೆಯ ಯಜಮಾನ, ಮಂದಿರದ ಅಧ್ಯಕ್ಷ, ಪರಿಹಾರ ಸಮಿತಿಗೂ ಅವನೇ ಹಿರಿತಲೆ. ಪೆರ್ಲಾ ಒಂದು ಮೂಟೆಯ ಹೊಲಿಗೆ ಬಿಚ್ಚಿ ಕೋಟೊಂದನ್ನು ಎಳೆದಳು. ಒಳ್ಳೆಯ ಉಣ್ಣೆ, ಒಳ್ಳೆಯ ಹೊಲಿಗೆ. ಗುಂಡಿ ಇರಬೇಕಾದ ಕಡೆ ಬರೀ ಕತ್ತರಿಸಿದ ದಾರದ ಮೋಟು. ಇನ್ನೊಂದು ಎಳೆದಳು, ಮತ್ತೊಂದು. ಎಲ್ಲ ಒಂದೇ ಕಥೆ!

ಎರಡು ಬೀದಿ ಆಚೆಯ ಕಾರ್ಖಾನೆಗೆ ಅವಳು ಬಂದಾಗ ಕುಪರ್‌ಮನ್ ಬೀಗ ಹಾಕುತ್ತಿದ್ದ.

"ಯಜಮಾನ್ರೇ, ನಿಮ್ಮ ಕೋಟಿನ ಗುಂಡಿಗಳೆಲ್ಲಿ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕ. "ಅಯ್ಯೋ ತಾಯೀ, ಅದಕ್ಕಾ ಈ ಪರಿ ಓಡಿ ಬಂದಿದ್ದು? ಗುಂಡಿ ಬರ್ತಾ ಇದ್ದದ್ದು ಯುರೋಪಿಂದ. ಯುದ್ಧ ಬಂದ ಮೇಲೆ ಒಂದು ಪೆಟ್ಟಿಗೆ ಅಂದ್ರೆ ಚಿನ್ನ. ಉಳಿದಿರೋದನ್ನ ನಾನು ಕೊಟ್ಟುಬಿಟ್ರೆ ಅರವತ್ತು ಜನ ಕೆಲಸದೋರಿಗೆ ಕೂಲಿ ಎಲ್ಲಿಂದ ತರ್ಲಿ? ಉಣ್ಣೆ ಕೊಟ್ಟಿದೀನಿ, ಹೊಲಿಗೆ ಕೊಟ್ಟಿದೀನಿ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಕಣಮ್ಮ."

"ಎಣಿಸ್ತಾ ಇರೋದು ಅವರಲ್ಲ, ನೀವು! ಹಲ್ಲು ಕಿತ್ತಿಟ್ಕೊಂಡು ಹಸು ಕೊಡ್ತಿದೀರ."

ಅವನ ಮುಖ ಕೆಂಪಾಯಿತು. "ನೋಡು, ಸಮಿತಿ ಮೂಟೆ ಕಟ್ಟಿಯಾಯ್ತು. ಇನ್ನೆರಡು ಗಂಟೇಲಿ ಸಬ್ಬತ್ ದೀಪ ಹಚ್ಚೋ ಹೊತ್ತು. ಸೋಮವಾರ ಲಾರಿ. ಮುಂದಿನ ವರ್ಷ ನೋಡೋಣ, ಹೋಗು."

ಮುಂದಿನ ವರ್ಷವಂತೆ! ಪೆರ್ಲಾ ಆ ಸಂಜೆ ದೀಪ ಹಚ್ಚಿದಳು, ಊಟ ಬಡಿಸಿದಳು, ತನ್ನ ತಟ್ಟೆಯನ್ನು ಮಾತ್ರ ಪಕ್ಕಕ್ಕೆ ಸರಿಸಿದಳು. "ಸಮಾಧಾನ ಮಾಡ್ಕೊಳ್ಳೇ" ಎಂದ ನಾಖುಮ್. ಅವನು ಎಂಟು ವರ್ಷ ಕುಪರ್‌ಮನ್‌ನ ಕಾರ್ಖಾನೆಯಲ್ಲಿ ದುಡಿದು ಈಗ ಸ್ವಂತ ಹೊಲಿಗೆ ಯಂತ್ರ ಇಟ್ಟುಕೊಂಡ ಸಾಧು ಮನುಷ್ಯ. "ದೊಡ್ಡೋರ ಜೊತೆ ಯಾಕೆ ಹಗೆ?"

ಯೆಹೂದಿಗಳಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ಅನ್ಯಾಯವಾದವರು, ಗಂಡಾಗಲಿ ಹೆಣ್ಣಾಗಲಿ, ಸಬ್ಬತ್ತಿನ ದಿನ ಧರ್ಮಗ್ರಂಥ ತೋರಾವನ್ನು ಓದಲು ತೆಗೆದಾಗ ಎದ್ದು ಮೇಜು ಬಡಿದು ಓದನ್ನೇ ತಡೆಯಬಹುದು. ದೂರು ಕೇಳಿ ಬಗೆಹರಿಸುವವರೆಗೆ ಓದು ಮುಂದಕ್ಕೆ ಹೋಗುವಂತಿಲ್ಲ. ವಿಲ್ಲಾ ಕ್ರೆಸ್ಪೋದಲ್ಲಿ ಅದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ, ಅಜ್ಜಂದಿರ ಬಾಯಲ್ಲಿ ಕೇಳಿದ್ದರು, ಅಷ್ಟೇ.

ಶನಿವಾರ ಬೆಳಿಗ್ಗೆ ಗ್ರಂಥದ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದರು. ಮೇಲಿನ ಹೆಂಗಸರ ಅಟ್ಟದಿಂದ ಮರದ ಮೆಟ್ಟಿಲಿನ ಮೇಲೆ ದಡದಡ ಹೆಜ್ಜೆ ಸದ್ದು ಬಂತು. ಗಂಡಸರು ತಿರುಗಿ ನೋಡುವಷ್ಟರಲ್ಲಿ ಪೆರ್ಲಾ ಅವರ ನಡುವೆಯೇ ನಡೆದು ಬಂದು ಮೇಜನ್ನು ಅಂಗೈಯಿಂದ ಧಡ್ ಎಂದು ಬಡಿದಳು.

"ಓದು ನಿಲ್ಸಿ!"

ಮಂದಿರ ಜೇನುಗೂಡಾಯಿತು. "ಹೆಂಗಸು ಇಲ್ಲಿಗ್ಯಾಕೆ ಬಂದ್ಳು?" "ಹುಚ್ಚೇನೇ ನಿಂಗೆ?" "ನಾಖುಮ್, ನಿನ್ನ ಹೆಂಡ್ತೀನ ಕರ್ಕೊಂಡು ಹೋಗಯ್ಯ!" ಪಾಪ, ನಾಖುಮ್ ಹೊಸ ಕೋಟಿನೊಳಗೆ ಆಮೆಯ ಹಾಗೆ ತಲೆ ತಗ್ಗಿಸಿಕೊಂಡ.

ಮಂದಿರದ ಗುರು, ಮುದುಕ ರಬ್ಬಿ ಲೀಪಾ ಕೈಯೆತ್ತಿದರು. "ಸುಮ್ನಿರ್ರಪ್ಪ. ಅವಳಿಗೆ ಆ ಹಕ್ಕಿದೆ. ಹೇಳಮ್ಮ, ಯಾರ ಮೇಲೆ ದೂರು?"

ಸಬ್ಬತ್ತಿನ ದಿನ ಬೀದಿಯಲ್ಲಿ ಏನನ್ನೂ ಹೊತ್ತು ಬರುವಂತಿಲ್ಲವಾದ್ದರಿಂದ ಕಾಗದ ಮನೆಯಲ್ಲೇ ಇತ್ತು. ಅವಳಿಗೆ ಕಾಗದ ಯಾಕೆ ಬೇಕು? ಪ್ರತಿಯೊಂದು ಸಾಲೂ ಬಾಯಿಪಾಠವಾಗಿತ್ತು. ಅವಳು ಹೇಳುತ್ತ ಹೋದಂತೆ ಗದ್ದಲ ಇಳಿಯಿತು. "ಸೌದೆ ಹೊತ್ತರೆ ಗಿಟಲ್‌ಳ ಕೈ ಬಿಡಬೇಕು" ಎನ್ನುವಾಗ ಮೇಲಿನ ಅಟ್ಟದಲ್ಲಿ ಯಾರೋ ಬಿಕ್ಕಿದರು.

"ಮೂಟೆ ಮೇಲೆ ಹೆಸರು ಬರೆಯೋಕೆ ಬಣ್ಣ ಸಿಕ್ತು ನಿಮಗೆ, ಕೋಟಿಗೆ ಗುಂಡಿ ಸಿಗಲಿಲ್ವಾ ಯಜಮಾನ್ರೇ?" ಎಂದು ಅವಳು ಕುಪರ್‌ಮನ್ ಕಡೆ ಬೆರಳು ತೋರಿಸಿದಳು. "ಗುಂಡಿ ಹಾಕಿಸ್ತೀನಿ ಅಂತ ನೀವು ಮಾತು ಕೊಡೋವರೆಗೂ ನಾನು ಈ ಮೇಜು ಬಿಟ್ಟು ಕದಲಲ್ಲ."

ಕುಪರ್‌ಮನ್ ನಿಧಾನವಾಗಿ ಎದ್ದ.

"ನನ್ನ ತಪ್ಪು ನಾನು ಒಪ್ತೀನೋ ಬಿಡ್ತೀನೋ ಆಮೇಲೆ. ನಿನ್ನೆ ನೀನು ಹೋದ ಮೇಲೆ ನಾನೂ ಕೊಠಡಿಗೆ ಹೋಗಿ ಒಂದು ಮೂಟೆ ಬಿಚ್ಚಿದೆ. ನನ್ನದಲ್ಲ, ನಿಮ್ಮ ಬೀದೀದು. ಮೇಲ್ಗಡೇನೇ ಒಂದು ಹಳೇ ಕಂದು ಕೋಟಿತ್ತು. ಕಾಲರಿನ ಹೊಲಿಗೆ ನೋಡ್ತಿದ್ದ ಹಾಗೇ ಗೊತ್ತಾಯ್ತು, ಎಂಟು ವರ್ಷ ನೋಡಿಲ್ವಾ ಆ ಕೈನ? ನಾಖುಮಂದು. ಅದಕ್ಕೂ ಗುಂಡಿ ಇರ್ಲಿಲ್ಲ. ಎಲ್ಲಿ ಹೋದ್ವು ಅಂತ ರಾತ್ರಿಯೆಲ್ಲಾ ಯೋಚ್ನೆ ಮಾಡ್ದೆ. ಈಗ ಗೊತ್ತಾಯ್ತು." ಅವನು ಕೈ ಚಾಚಿದ. "ಅಗೋ, ಅಲ್ಲಿವೆ! ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೇಲಿರೋ ನೊಣ ತೋರಿಸಿದ್ರಂತೆ."

ಇಡೀ ಮಂದಿರದ ಕಣ್ಣು ನಾಖುಮನ ಎದೆಯ ಮೇಲೆ ಬಿತ್ತು. ಆರು ಕೊಂಬಿನ ಗುಂಡಿಗಳು ಫಳಫಳ ಹೊಳೆಯುತ್ತಿದ್ದವು. ನಾಖುಮ್ ಎರಡೂ ಕೈಯಿಂದ ಅವನ್ನು ಮುಚ್ಚಿಕೊಂಡ. ಯಾರೋ ಕಿಸಕ್ಕೆಂದರು.

ಪೆರ್ಲಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೌದು, ಅವಳೇ ಕತ್ತರಿಸಿದ್ದಳು. ಹಳೆ ಬಟ್ಟೆ ಕೊಡುವಾಗ ಮೊದಲು ಗುಂಡಿ ಕತ್ತರಿಸಿ ಡಬ್ಬಿಗೆ ಹಾಕುವುದು, ಆಮೇಲೆ ಬಟ್ಟೆ ಮಡಿಸುವುದು. ಅವಳ ಅಮ್ಮ ಹಾಗೇ ಮಾಡುತ್ತಿದ್ದಳು, ಅಜ್ಜಿಯೂ ಹಾಗೇ. ಅದು ತಪ್ಪು ಅಂತ ಕನಸಿನಲ್ಲೂ ಹೊಳೆದಿರಲಿಲ್ಲ. ತಂಗಿ ಬರೆದ ಮಾತು ತನಗೂ ತಾಗುತ್ತದೆಂದು ಈಗ ಹೊಳೆಯಿತು. ತಲೆ ತಗ್ಗಿಸಿ ಮೆಟ್ಟಿಲು ಹತ್ತಿ ಹೋಗಿಬಿಡಬಹುದಿತ್ತು. ಅವಳು ಹೋಗಲಿಲ್ಲ.

"ನಿಜ ಯಜಮಾನ್ರೇ," ಎಂದಳು. "ಕತ್ತರಿಸಿದ್ದು ನಾನೇ. ನಾಚಿಕೆ ಆಗ್ತಿದೆ, ಎಲ್ಲರೆದುರಿಗೇ ಹೇಳ್ತಿದೀನಿ. ಆದ್ರೆ ನನಗೆ ಅವಮಾನ ಆಯ್ತು ಅಂತ ಅಲ್ಲಿ ಕೋಟು ತಾನಾಗೇ ಮುಚ್ಕೊಳ್ಳುತ್ತಾ? ನಾಳೆ ಆ ಆರೂ ಗುಂಡಿ ಬಿಚ್ಚಿ ತರ್ತೀನಿ. ನೀವೇನು ತರ್ತೀರ?"

ಮೇಲಿನಿಂದ ತೋಯ್ಬೆಯ ಗಂಟಲು ಕೇಳಿಸಿತು. "ನಂದೂ ಒಂದು ಡಬ್ಬಿ ಇದೆ!"

"ನಂದೂ!" "ನಮ್ಮತ್ತೇದು ಎರಡು ಡಬ್ಬಿ!" "ಕತ್ತರಿಸಿದ್ದು ನಾನೂ ಕಣ್ರೇ, ಸುಳ್ಳ್ಯಾಕೆ!" ಅಟ್ಟದ ತುಂಬ ಹೆಂಗಸರು ಎದ್ದು ನಿಂತು ಕೂಗಾಡತೊಡಗಿದರು. ರಬ್ಬಿ ಲೀಪಾ ಗಡ್ಡದೊಳಗೇ ನಕ್ಕರು. "ಆನೆ ಕೊಟ್ಟು ಅಂಕುಶಕ್ಕೆ ಚೌಕಾಸಿ ಮಾಡಿದ್ರಂತೆ. ಒಬ್ಬರಲ್ಲ, ಇಡೀ ಊರೇ ಮಾಡಿದೆ."

ಕುಪರ್‌ಮನ್ ಮಾತ್ರ ನಗಲಿಲ್ಲ. ಅವನು ಪೆರ್ಲಾಳನ್ನೇ ನೋಡುತ್ತಿದ್ದ.

"ಆ ಮಗೂಗೆ ಎಷ್ಟು ವರ್ಷ?"

"ನಾಲ್ಕು."

"ಹಿಮದಲ್ಲಿ ಕೈ ಬಿಟ್ಕೊಂಡು ನಡೀತದಾ?"

"ಇನ್ನೇನು ಮಾಡ್ತದೆ?"

ಅವನು ರಬ್ಬಿಯ ಕಡೆ ತಿರುಗಿದ. "ಓದು ಮುಂದುವರಿಸಿ ಸ್ವಾಮೀ. ನಾಳೆ ಏಳು ಗಂಟೆಗೆ ಕಾರ್ಖಾನೆ ಬಾಗಿಲು ತೆಗೆದಿರುತ್ತೆ. ಮಾತು ಕೊಟ್ಟಿದೀನಿ."

ಭಾನುವಾರದ ಆ ಬೆಳಗನ್ನು ಕಂಡವರು ಇಂದಿಗೂ ನೆನೆದು ನಗುತ್ತಾರೆ. ಅಂಗಡಿಗಳೆಲ್ಲ ಮುಚ್ಚಿದ್ದ ಬೀದಿಯಲ್ಲಿ ಹೆಂಗಸರ ದಂಡೇ ಹೊರಟಿತ್ತು. ಎಲ್ಲರ ಕಂಕುಳಲ್ಲೂ ಬಿಸ್ಕತ್ತಿನ ಡಬ್ಬಿ, ಚಹಾದ ಡಬ್ಬಿ, ನಡೆದಂತೆ ಒಳಗಿನ ಗುಂಡಿಗಳು ಜಲ್ ಜಲ್ ಎನ್ನುತ್ತಿದ್ದವು. ಮೂಟೆಗಳನ್ನು ಕೈಗಾಡಿಯಲ್ಲಿ ತಂದು ಸುರಿದರು. ಎಂಟುನೂರು ಕೋಟು! ಕತ್ತರಿಸುವ ಮೇಜಿನ ಮೇಲೆ ಡಬ್ಬಿಗಳನ್ನು ಬೋರಲು ಹಾಕಿದಾಗ ಚಿಪ್ಪಿನ ಗುಂಡಿ, ಹಿತ್ತಾಳೆ ಗುಂಡಿ, ಮದುವೆ ಲಂಗದ ಮುತ್ತಿನ ಗುಂಡಿ, ಎಲ್ಲ ಬೆರೆತು ರಾಶಿಯಾಯಿತು. ಮಧ್ಯಾಹ್ನ ಅರ್ಧ ಕೋಟುಗಳು ಬಾಕಿಯಿರುವಾಗಲೇ ರಾಶಿ ತಳ ಕಂಡಿತು.

ಕೈಗಳೆಲ್ಲ ನಿಂತವು. ಕುಪರ್‌ಮನ್ ಎದ್ದು ಒಳಕೋಣೆಗೆ ಹೋದ. ಬೀಗ ತೆಗೆದ ಸದ್ದಾಯಿತು. ಹೊರಬಂದಾಗ ಕೈಯಲ್ಲಿ ಮೊಳೆ ಹೊಡೆದ ಮರದ ಪೆಟ್ಟಿಗೆಯಿತ್ತು.

"ಇಷ್ಟೇ ಉಳಿದಿರೋದು," ಎಂದು ಅದನ್ನು ಮೇಜಿನ ಮೇಲೆ ಇಟ್ಟ. "ಮುಂದಿನ ತಿಂಗಳ ಗಿರಾಕಿಗಳಿಗೆ ಮರದ ಗುಂಡಿ ಹಾಕಿ ಕೊಡ್ತೀನಿ. ಬೈದ್ರೆ ಬೈಯ್ಲಿ."

ಹೋ ಎಂದು ಕೂಗೆದ್ದಿತು. ಅವನು ಅಂಗಿಯ ತೋಳು ಮಡಿಸಿ, ಸೂಜಿ ಕೇಳಿ ಪಡೆದು ಪೆರ್ಲಾಳ ಎದುರಿಗೇ ಕುಳಿತ. ಸೂಜಿ ಹಿಡಿದು ಇಪ್ಪತ್ತು ವರ್ಷವಾಗಿತ್ತೇನೋ, ಮೊದಲ ಗುಂಡಿಗೇ ಬೆರಳು ಚುಚ್ಚಿಕೊಂಡು "ಅಬ್ಬಾ!" ಎಂದ. "ಮೆಲ್ಲಗೆ ಯಜಮಾನ್ರೇ, ಕೂಲಿ ಕಡಿದುಬಿಟ್ಟೇವು" ಎಂದು ತೋಯ್ಬೆ ಕಿಚಾಯಿಸಿದಳು. ಅಷ್ಟು ಹೊತ್ತಿಗೆ ಅವನೂ ನಕ್ಕ. ಬೆಳಕು ಮಸುಕಾಗುವಾಗ ಕೊನೆಯದಾಗಿ ಕಂದು ಕೋಟು ಬಂತು. ಪೆರ್ಲಾ ಗಂಡನ ಹೊಸ ಕೋಟಿನಿಂದ ಆರು ಗುಂಡಿಗಳನ್ನು ಬಿಚ್ಚಿ ಒಂದೊಂದಕ್ಕೂ ಎರಡೆಳೆ ದಾರ ಹಾಕಿ ಹೊಲಿದಳು. ಮೂಟೆ ಮತ್ತೆ ಕಟ್ಟುವಾಗ ಕುಪರ್‌ಮನ್ ತನ್ನ ಹೆಸರಿದ್ದ ಗೋಣಿಗಳನ್ನು ಒಳಮೈ ಹೊರಗೆ ಮಾಡಿ ಹೊಲಿಯಲು ಹೇಳಿದ.

ಸೋಮವಾರ ನಸುಕಿನಲ್ಲಿ ಲಾರಿಯ ಜೊತೆ ಪೆರ್ಲಾ, ನಾಖುಮ್ ಬಂದರಿಗೆ ಹೋದರು. ಕೊನೆಯ ಮೂಟೆ ಮೇಲೇರುವವರೆಗೂ ನಿಂತರು. ಹಡಗು ಕೂಗಿದಾಗ ಪೆರ್ಲಾ ಹುಡುಗಿಯ ಹಾಗೆ ಕುಣಿದು ಕೈಬೀಸಿದಳು.

ಹಿಂತಿರುಗುವಾಗ ನದಿಯ ಗಾಳಿ ಮೂಳೆ ಕೊರೆಯುತ್ತಿತ್ತು. ನಾಖುಮ್ ಗುಂಡಿಯಿಲ್ಲದ ಹೊಸ ಕೋಟನ್ನು ಎಡಗೈಯಲ್ಲಿ ಮುಚ್ಚಿ ಹಿಡಿದಿದ್ದ, ಬಲಗೈಯಲ್ಲಿ ಬುತ್ತಿಯ ಚೀಲ. ಟ್ರಾಮ್ ಬಂತು. ಹತ್ತಬೇಕಾದರೆ ಕಂಬಿ ಹಿಡಿಯಬೇಕು. ಚೀಲ ಬಿಡುವಂತಿಲ್ಲ, ಕೋಟು ಬಿಟ್ಟ. ಗಾಳಿ ಒಳನುಗ್ಗಿ ಕೋಟು ಪಟಪಟ ಹಾರಿತು, ಅವನು ಮೆಟ್ಟಿಲ ಮೇಲೆಯೇ ತತ್ತರಿಸಿದ.

"ಲೇ ಪೆರ್ಲಾ," ಎಂದ ಹಲ್ಲು ಕಟಕಟಿಸುತ್ತ, "ನಿನ್ನ ತಂಗಿ ಬರೆದಿದ್ದು ಸರಿ ಕಣೇ. ಒಂದು ಕೈ ಸಾಲಲ್ಲ."

ಪೆರ್ಲಾ ಹಿಂದಿನಿಂದ ಹತ್ತಿ ಬಂದಳು. ಎರಡೂ ಕೈ ಸುತ್ತಿ ಅವನ ಕೋಟನ್ನು ಎದೆಯ ಮೇಲೆ ಮುಚ್ಚಿ ಹಿಡಿದಳು. ವಿಲ್ಲಾ ಕ್ರೆಸ್ಪೋ ಬರುವವರೆಗೂ ಬಿಡಲಿಲ್ಲ.