ಹದಿಮೂರರ ಪಾನಾ ಆದ ಮೇಲೆ ಕಾಫಿ

ರಾಯರ ಬಲಗೈ ಸ್ವಾಧೀನ ತಪ್ಪಿ ಏಳು ವಾರವಾಗಿತ್ತು. ಅದರಲ್ಲಿ ಮೂರು ವಾರ ಬರೀ ಹಠದಲ್ಲೇ ಕಳೆದುಹೋಗಿತ್ತು.

ಊರಿಗೆಲ್ಲ ಅವರು ಹೊಲಿಗೆ ಮಿಷನ್ ರಿಪೇರಿಯವರು. ‘ರಾಯರು’ ಎನ್ನುವುದು ಹೆಂಡತಿ ಇಟ್ಟುಕೊಂಡ ಹೆಸರು. ಪ್ರೀತಿ ಬಂದಾಗಲೂ ರಾಯರೇ, ಸಿಟ್ಟು ಬಂದಾಗಲೂ ರಾಯರೇ. ಯಾವುದು ಯಾವಾಗ ಎನ್ನುವುದನ್ನು ದನಿಯಲ್ಲೇ ತಿಳಿದುಕೊಳ್ಳಬೇಕು. ಅವಳನ್ನು ಊರು ಟೈಲರಮ್ಮ ಎನ್ನುತ್ತಿತ್ತು. ಇಪ್ಪತ್ತೇಳು ವರ್ಷ ಗಂಡ ಹೆಂಡತಿ ಒಂದೇ ಗಾಡಿಯಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗಿದವರು. ಮೋಟರ್ ಸೈಕಲ್ ಮೇಲೆ ರಾಯರು, ಅದಕ್ಕೆ ಅಂಟಿಕೊಂಡ ಸೈಡ್‌ಕಾರಿನಲ್ಲಿ ತೊಡೆಯ ಮೇಲೆ ಹತ್ಯಾರದ ಪೆಟ್ಟಿಗೆ ಇಟ್ಟುಕೊಂಡು ಟೈಲರಮ್ಮ. ಅವರು ಮಿಷನ್ನು ಬಿಚ್ಚಿ ಜೋಡಿಸಬೇಕು, ಇವಳು ಒಂದು ತುಂಡು ಬಟ್ಟೆ ಹೊಲಿದು ನೋಡಿ ಸರಿಯಿದೆ ಅನ್ನಬೇಕು. ಆಮೇಲೇ ಅಂಗಡಿಯವನು ಕೊಟ್ಟ ಟೀ ಮುಟ್ಟುತ್ತಿದ್ದರು.

ಹಾಗಿದ್ದ ರಾಯರಿಗೆ ಒಂದು ಬೆಳಿಗ್ಗೆ ಷರಟಿನ ಗುಂಡಿ ಹಾಕಲು ಬರಲಿಲ್ಲ. ಆಸ್ಪತ್ರೆ, ಚುಚ್ಚುಮದ್ದು ಎಲ್ಲ ಆಯಿತು. ಕಾಲು ಸುಮಾರಾಗಿ ಎದ್ದಿತು, ಮಾತು ತೊದಲುತ್ತಾ ಬಂತು, ಕೈ ಮಾತ್ರ ಜೋತುಬಿದ್ದೇ ಇತ್ತು. ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದರು: ಮೊದಲ ಮೂರು ತಿಂಗಳೇ ಮುಖ್ಯ, ಗುರುವಾರ ಗುರುವಾರ ಬಂದು ಕೈಗೆ ವ್ಯಾಯಾಮ ಮಾಡಿಸಿದರೆ ಬೆರಳು ಆಡಬಹುದು, ಬಿಟ್ಟರೆ ಹೀಗೇ ಉಳಿದುಹೋಗುತ್ತದೆ.

ಮೊದಲ ಗುರುವಾರ ಬಸ್ಸಿನಲ್ಲಿ ಹೋದರು. ಇಳಿಯುವಾಗ ಮೆಟ್ಟಿಲ ಮೇಲೆ ರಾಯರ ಕಾಲು ತಡವರಿಸಿ, ಯಾರೋ ಇಬ್ಬರು ಗಂಡಸರು ಎರಡೂ ಕಂಕುಳಿಗೆ ಕೈಕೊಟ್ಟು ಮೂಟೆ ಇಳಿಸಿದ ಹಾಗೆ ಇಳಿಸಿದರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು. ಆದರೆ ರಾಯರ ಮುಖ ಆವತ್ತು ಗಂಟಿಕ್ಕಿದ್ದು ಮತ್ತೆ ಬಿಡಿಸಿಕೊಳ್ಳಲಿಲ್ಲ. ಮುಂದಿನ ಗುರುವಾರ ಟೈಲರಮ್ಮನ ಮೈದುನ ಕೆಲಸ ಬಿಟ್ಟು ಕಾರು ತಂದ. ಅಣ್ಣ ಕುರ್ಚಿಯಿಂದ ಏಳಲೇ ಇಲ್ಲ. ಅದರ ಮುಂದಿನ ವಾರವೂ ಬಂದ. ಕಾಫಿ ಕುಡಿದು ವಾಪಸು ಹೋದ. ನನ್ನನ್ನು ಯಾರೂ ಎತ್ತಿ ಇಳಿಸುವುದು ಬೇಡ ಎನ್ನುವುದೊಂದೇ ರಾಯರ ಮಾತು. ಮೂರನೇ ಗುರುವಾರ ತಪ್ಪಿದ ಮೇಲೆ ಆಸ್ಪತ್ರೆಯಿಂದ ಫೋನು ಬಂತು. ಸಾಲಿನಲ್ಲಿ ತುಂಬ ಜನ ಕಾಯುತ್ತಿದ್ದಾರೆ, ಈ ಗುರುವಾರ ಹನ್ನೊಂದಕ್ಕೆ ಬರದಿದ್ದರೆ ಜಾಗ ಬೇರೆಯವರಿಗೆ ಕೊಡುತ್ತೇವೆ ಎಂದರು.

ಟೈಲರಮ್ಮ ಅತ್ತಳು, ಬೈದಳು, ಒಂದು ಹೊತ್ತು ಊಟವನ್ನೂ ಬಿಟ್ಟಳು. ರಾಯರು ಯಾವುದಕ್ಕೂ ಸೊಪ್ಪು ಹಾಕುವ ಆಸಾಮಿಯಲ್ಲ. ಬುಧವಾರ ಸಂಜೆ ಬಟ್ಟೆ ಮಡಿಸುತ್ತಿದ್ದವಳಿಗೆ ಒಂದು ಯೋಚನೆ ಬಂತು. ಸೈಡ್‌ಕಾರು ನೆಲಕ್ಕೆ ಹತ್ತಿರ, ಎಡಗೈ ಊರಿ ಅವರೇ ಇಳಿದು ಕೂರಬಹುದು, ಯಾರೂ ಮುಟ್ಟಬೇಕಾಗಿಲ್ಲ. ಓಡಿಸುವುದು ಅವಳಿಗೂ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಖಾಲಿ ಬಯಲಿನಲ್ಲಿ ರಾಯರೇ ಕಲಿಸಿದ್ದರು, ಲೈಸೆನ್ಸೂ ಇತ್ತು. ಅದನ್ನೇ ಹೇಳಿದಳು.

ರಾಯರು ಗೋಡೆ ನೋಡುತ್ತಾ, ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ಹಾಕಿದರು. “ಶಾಫ್ಟಿಗೆ ಗ್ರೀಸ್ ಆಗಿಲ್ಲ. ಗ್ರೀಸ್ ಆಗದೆ ಅದು ಗೇಟು ದಾಟಲ್ಲ.”

ಅದೊಂದು ನೇಮ ಆ ಮನೆಯಲ್ಲಿ. ಆ ಗಾಡಿಗೆ ಚೈನು ಇಲ್ಲ. ಎಂಜಿನ್ನಿನ ತಿರುಗಾಟವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವುದು ಕೊಳವೆಯೊಳಗೆ ತಿರುಗುವ ಒಂದು ಕಬ್ಬಿಣದ ಸಲಾಕೆ, ಅದೇ ಡ್ರೈವ್ ಶಾಫ್ಟು. ಅದರ ಎರಡೂ ತುದಿಗೆ ಸಣ್ಣ ಸಣ್ಣ ಹಲ್ಲು. ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಗ್ರೀಸು ಹಚ್ಚದಿದ್ದರೆ ಹಲ್ಲು ಒಣಗಿ ಸವೆದು, ಒಂದು ದಿನ ನಡುರಸ್ತೆಯಲ್ಲಿ ಎಂಜಿನ್ನು ಬೊಬ್ಬೆ ಹೊಡೆಯುತ್ತಿರುತ್ತದೆ, ಗಾಡಿ ನಿಂತಿರುತ್ತದೆ. ವರ್ಷ ಕಳೆದು ಎರಡು ತಿಂಗಳಾಗಿತ್ತು. ಆ ಕೆಲಸಕ್ಕೆ ರಾಯರು ಯಾವ ಮೆಕ್ಯಾನಿಕ್ಕನ್ನೂ ಹತ್ತಿರ ಬಿಟ್ಟುಕೊಂಡವರಲ್ಲ. ಇನ್ನು ತಮ್ಮ ಕೈಯಲ್ಲಂತೂ ಆಗದು. ಅಲ್ಲಿಗೆ ಮಾತು ಮುಗಿಯಿತು ಅಂದುಕೊಂಡರು ಪುಣ್ಯಾತ್ಮ.

“ಗ್ರೀಸ್ ಆದ್ರೆ ಬರ್ತೀರಾ?” ಅಂದಳು ಟೈಲರಮ್ಮ.

ರಾಯರು ಅವಳ ಮುಖ ನೋಡಿದರು. ಕೊಟ್ಟ ಮಾತಿಗೆ ತಪ್ಪುವವರಲ್ಲ, ಅದಕ್ಕೇ ಮಾತು ಕೊಡುವ ಮೊದಲು ಹತ್ತು ಸಲ ಯೋಚಿಸುವವರು. ಇದು ಎಲ್ಲಿ ಆಗುತ್ತದೆ ಅನ್ನುವ ಧೈರ್ಯದ ಮೇಲೆ ಹೂಂ ಅಂದರು.

ಗುರುವಾರ ಬೆಳಗಾಗುತ್ತಲೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕಿಳಿದಳು. ಹೆದರಿಕೆ ಇರಲಿಲ್ಲವೇ ಅಂದರೆ ಇತ್ತು. ಆದರೆ ಇಪ್ಪತ್ತೇಳು ಸಲ ಈ ಕೆಲಸಕ್ಕೆ ಪಕ್ಕದಲ್ಲಿ ಕೂತು ಹತ್ಯಾರ ಎತ್ತಿಕೊಟ್ಟವಳು ಅವಳು. ರಾಯರು ತಿರುಗಿಯೂ ನೋಡದೆ ಕೈ ಚಾಚಿದರೆ ಸಾಕು, ಬೇಕಾದ ಹತ್ಯಾರ ಅಂಗೈಗೆ ಬೀಳುತ್ತಿತ್ತು. ಯಾಕೆ, ಏನು ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಯಾವುದರ ಹಿಂದೆ ಯಾವುದು ಎನ್ನುವುದು ಮಾತ್ರ ಕಣ್ಣು ಮುಚ್ಚಿದರೂ ಬರುತ್ತಿತ್ತು.

ರಾಯರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಪೇಪರು ಓದುವ ನೆಪ. ಪೇಪರು ತಲೆಕೆಳಗಾಗಿತ್ತು ಅಂತ ಟೈಲರಮ್ಮ ಈಗಲೂ ಆಣೆ ಮಾಡಿ ಹೇಳುತ್ತಾಳೆ.

ಮೊದಲು ಮರದ ದಿಮ್ಮಿ, ಗಾಡಿಯ ಹೊಟ್ಟೆಯ ಕೆಳಗೆ. ಆಮೇಲೆ ನಟ್ಟು ತಿರುಗಿಸುವ ಇಪ್ಪತ್ತೆರಡರ ಪಾನಾ, ಅದಕ್ಕೊಂದು ಉದ್ದನೆಯ ಪೈಪು. ಚಕ್ರದ ನಟ್ಟು ಅಲ್ಲಾಡಲಿಲ್ಲ. ಪೈಪಿನ ಮೇಲೆ ಇಡೀ ಮೈಭಾರ ಬಿಟ್ಟಳು. ಅದು ಕಿರ್ ಎಂದು ಬಿಟ್ಟುಕೊಟ್ಟಿತು, ಇವಳು ನೆಲಕ್ಕೆ ಕೂತಳು. ಚಕ್ರ ಹೊರಗೆ ಬಂತು. ಸ್ಕ್ರೂಡ್ರೈವರಿನಲ್ಲಿ ಪಟ್ಟಿ ಸಡಿಲಿಸಿ, ಶಾಫ್ಟಿನ ಮುಂದಿನ ತುದಿಯನ್ನು ಮುಚ್ಚಿಕೊಂಡಿದ್ದ ರಬ್ಬರ್ ತೋಳನ್ನು ಹಿಂದಕ್ಕೆ ಮಡಚಿದಳು. ಅದೇನೋ ಅವಳಿಗೆ ಜುಬ್ಬದ ತೋಳು ಮಡಚಿದಷ್ಟೇ ಸಲೀಸಾಯಿತು. ಹದಿಮೂರರ ಪಾನಾದಲ್ಲಿ ನಾಲ್ಕು ನಟ್ಟು ಬಿಚ್ಚಿ ಹಿಂದಿನ ಗೇರಿನ ಡಬ್ಬಿಯನ್ನು ಎಳೆದರೆ, ಅದರ ಜೊತೆ ಶಾಫ್ಟೂ ಜಾರಿಕೊಂಡು ಮಡಿಲಿಗೆ ಬಂತು. ಭಾರವಾಗಿತ್ತು. ಎತ್ತಿಕೊಂಡ ಮಗುವಿನ ಹಾಗೆ ಅದನ್ನು ಹಿಡಿದು ಒಂದು ಗಳಿಗೆ ಹಾಗೇ ಕೂತಳು.

ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು. ಹೋದ ವರ್ಷದ ಗ್ರೀಸು ಕಪ್ಪಗೆ ಕರಕಲಾಗಿ ಅಂಟಿಕೊಂಡಿತ್ತು. ಒಂದೊಂದೇ ಹಲ್ಲಿನ ಸಂದಿ ಉಜ್ಜಿ, ಬಟ್ಟೆಯಲ್ಲಿ ಒರೆಸಿದಳು. ಹಲ್ಲುಗಳು ಸವೆದು ಚೂಪಾಗಿರಲಿಲ್ಲ, ಮುರಿದಿರಲಿಲ್ಲ, ಮೈ ಬೆಳ್ಳಗೆ ಹೊಳೆಯಿತು. ಅವಳಿಗೆ ಅದನ್ನು ರಾಯರಿಗೆ ತೋರಿಸಬೇಕು ಅನ್ನಿಸಿತು, ಆದರೆ ಬಿಗುಮಾನ ಬಿಡಲಿಲ್ಲ. ಹೊಸ ಗ್ರೀಸನ್ನು ತೆಳ್ಳಗೆ ಹಚ್ಚಿ, ಶಾಫ್ಟನ್ನು ಕೊಳವೆಯೊಳಗೆ ತೂರಿಸಿದಳು.

ಆಮೇಲೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದಳು.

ನಗಬೇಡಿ, ಕಾಫಿ ಆ ಕೆಲಸದ ಒಂದು ಭಾಗವೇ ಆಗಿತ್ತು. ಪ್ರತಿ ವರ್ಷ ಸರಿಯಾಗಿ ಇದೇ ಜಾಗಕ್ಕೆ ಬರುತ್ತಲೇ ರಾಯರು ಕಾಫಿ ತಾ ಎನ್ನುತ್ತಿದ್ದರು. ಅವಳು ಒಳಗೆ ಹೋಗಿ ಹಾಲು ಕಾಯಿಸಿ ತರುವಷ್ಟರಲ್ಲಿ ಅವರ ಮುಖ ಕೆಂಪಗಾಗಿ, ಹಣೆ ಬೆವೆತಿರುತ್ತಿತ್ತು. ಲೋಟ ಕೆಳಗಿಟ್ಟು ಮತ್ತೆ ಹದಿಮೂರರ ಪಾನಾಕ್ಕೆ ಕೈ ಚಾಚುತ್ತಿದ್ದರು. ಹಾಗಾಗಿ ಟೈಲರಮ್ಮ ರಾಯರಿಗೊಂದು ಲೋಟ ಕೊಟ್ಟು, ತಾನೂ ಮೆಟ್ಟಿಲ ಮೇಲೆ ಕೂತು ನೆಮ್ಮದಿಯಾಗಿ ಕುಡಿದಳು. ಕುಡಿದು, ನಾಲ್ಕು ನಟ್ಟು ಬಿಗಿದಳು. ಕೊನೆಯದು ಸ್ವಲ್ಪ ಮೊಂಡು ಹಿಡಿಯಿತು, ಗದರಿಸಿಕೊಂಡೇ ಕೂರಿಸಿದಳು. ತೋಳು ಇಳಿಸಿದಳು, ಪಟ್ಟಿ ಬಿಗಿದಳು, ಚಕ್ರ ಹಾಕಿದಳು. ಗಂಟೆ ಒಂಬತ್ತಾಗಿತ್ತು.

ಕೊನೆಗೆ ರಾಯರು ಗೇರು ಹಾಕಿ ಚಕ್ರ ಅಲ್ಲಾಡಿಸಿ ನೋಡುತ್ತಿದ್ದುದು ಅವಳಿಗೆ ನೆನಪಿತ್ತು. ಗೇರಿನಲ್ಲಿರುವ ಚಕ್ರ ಕಲ್ಲಿನ ಹಾಗೆ ಬಿಗಿಯಾಗಿ ನಿಲ್ಲಬೇಕು. ಅವಳು ಗೇರು ಹಾಕಿ ಕೈಯಿಂದ ತಳ್ಳಿದಳು. ಚಕ್ರ ಗಿರ್ರನೆ ತಿರುಗಿತು. ಬಾಬಿನ್ನಿಗೆ ದಾರ ಸುತ್ತಲು ಗುಬಟು ಸಡಿಲ ಮಾಡಿದಾಗ ಮಿಷನ್ನಿನ ಗಾಲಿ ತಿರುಗುವುದಿಲ್ಲವೇ, ಸೂಜಿ ಮಿಸುಕದೆ? ಹಾಗೆ.

ಮತ್ತೆ ತಳ್ಳಿದಳು, ಮತ್ತೆ ತಿರುಗಿತು. ಎಲ್ಲಾ ಹತ್ಯಾರ ಲೆಕ್ಕ ಹಾಕಿದಳು, ಒಂದೂ ತಪ್ಪಿರಲಿಲ್ಲ. ಇನ್ನೆರಡು ಗಂಟೆಯಲ್ಲಿ ಊರಾಚೆ ಆಸ್ಪತ್ರೆ ಮುಟ್ಟಬೇಕು. ಅಲ್ಲಿ ಯಾರೋ ಇವರ ಹೆಸರು ಹೊಡೆದುಹಾಕಲು ಪೆನ್ನು ಹಿಡಿದು ಕೂತಿರುತ್ತಾರೆ. ಎಲ್ಲಿ ಎಡವಿದೆ ಅನ್ನುವುದೇ ತಿಳಿಯದೆ, ಗ್ರೀಸು ಮೆತ್ತಿದ ಎರಡೂ ಕೈ ಮುಂದೆ ಚಾಚಿಕೊಂಡು ಟೈಲರಮ್ಮ ಅಂಗಳದಲ್ಲಿ ಕೂತು ಅತ್ತುಬಿಟ್ಟಳು. ಕಣ್ಣು ಒರೆಸಿಕೊಳ್ಳುವುದಕ್ಕೂ ಆಗುವಂತಿರಲಿಲ್ಲ.

ಬಾಗಿಲ ಕಡೆಯಿಂದ ಏನೋ ಸದ್ದು ಬಂತು. ತಿರುಗಿ ನೋಡಿದರೆ ರಾಯರ ಮೈ ಕುಲುಕುತ್ತಿದೆ. ಮತ್ತೇನಾಯಿತಪ್ಪಾ ಎಂದು ಅವಳು ಹೌಹಾರಿ ಎದ್ದಳು. ಏನೂ ಆಗಿರಲಿಲ್ಲ. ರಾಯರು ನಗುತ್ತಿದ್ದರು. ಏಳು ವಾರದಲ್ಲಿ ಮೊದಲ ಸಲ, ವಾರೆಯಾದ ಬಾಯಲ್ಲೇ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

“ಕಾಫಿ,” ಅಂದರು. “ನೀನು... ಕಾಫಿಗೆ ಹೋದಾಗ...”

ಮುಂದಿನದು ಬಾಯಲ್ಲಿ ಬರಲಿಲ್ಲ. ಪೇಪರು ಬಿಸಾಕಿ, ಬಾಗಿಲ ಚೌಕಟ್ಟು ಹಿಡಿದು ಎದ್ದರು. ಟೈಲರಮ್ಮ ಓಡಿಹೋಗಿ ಹಿಡಿದುಕೊಳ್ಳಲು ನೋಡಿದಳು, ಆಮೇಲೆ ತಡೆದುಕೊಂಡಳು. ಮೂರು ಮೆಟ್ಟಿಲು ಒಂದೊಂದಾಗಿ ಅವರೇ ಇಳಿದು ಬಂದು, ಗಾಡಿಯ ಪಕ್ಕ ನೆಲದ ಮೇಲೆ ಕೂತರು.

ವಿಷಯ ಇಷ್ಟೇ. ಶಾಫ್ಟು ಹೊರಗೆ ಬಂದಾಗ, ಮುಂದಿನ ಗೇರ್ ಬಾಕ್ಸಿನ ಕಡೆಯಿಂದ ಅದನ್ನು ಹಿಡಿದುಕೊಳ್ಳುವ ಜಾಯಿಂಟು ಕತ್ತು ಮುರಿದ ಕೋಳಿಯ ಹಾಗೆ ಕೆಳಕ್ಕೆ ಜೋತುಬೀಳುತ್ತದೆ. ಮಡಚಿದ ತೋಳಿನೊಳಗೆ ಬರಿಗೈ ತೂರಿಸಿ, ಅದನ್ನು ಎತ್ತಿ ಹಿಡಿದು, ಶಾಫ್ಟಿನ ಹಲ್ಲಿಗೆ ಹಲ್ಲು ಕೂರಿಸಬೇಕು. ಅದಕ್ಕೆ ಹತ್ಯಾರವೇ ಇಲ್ಲ. ರಾಯರ ಅಗಲದ ಕೈಗೆ ಆ ಜಾಗ ಸಾಲದೆ ಪ್ರತಿ ವರ್ಷವೂ ಗೆಣ್ಣು ತರಚಿ, ಬಾಯಿಗೆ ಬಂದಂತೆ ಬೈಗುಳ ಬರುತ್ತಿತ್ತು. ಹೆಂಡತಿಯ ಕಿವಿಗೆ ಅದು ಬೀಳಬಾರದೆಂದು ಕಾಫಿಗೆ ಅಟ್ಟುತ್ತಿದ್ದರು. ಇದನ್ನೆಲ್ಲ ತೊದಲಿ ತೊದಲಿ, ಅರ್ಧ ಸನ್ನೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಟೈಲರಮ್ಮ ಚಕ್ರ ಬಿಚ್ಚಿ, ರಬ್ಬರ್ ತೋಳು ಮತ್ತೆ ಮಡಚಿಯಾಗಿತ್ತು.

ನಟ್ಟು ಬಿಚ್ಚಿದರು, ಅವಳು ಎರಡು, ಅವರು ಎಡಗೈಯಲ್ಲಿ ಎರಡು. ರಾಯರು ಅವಳ ಮಣಿಕಟ್ಟು ಹಿಡಿದು, ಹೀಗಲ್ಲ ಹೀಗೆ ಎಂದು ಓರೆ ಮಾಡಿ, ತೋಳಿನೊಳಗೆ ಬಿಟ್ಟರು. ಅವಳ ಕೈ ಸಣ್ಣದು, ಸಲೀಸಾಗಿ ಒಳಗೆ ಹೋಯಿತು. ಕತ್ತಲಲ್ಲಿ ತಣ್ಣಗಿನ ಜಾಯಿಂಟು ಬೆರಳಿಗೆ ಸಿಕ್ಕಿತು. ಅವಳು ಅದನ್ನು ಎತ್ತಿ ಹಿಡಿದಳು. ಹಿಂದೆ ರಾಯರು ಎಡಗೈಯಿಂದ ಡಬ್ಬಿಯನ್ನು ಮೆಲ್ಲಗೆ ಮುಂದೆ ತಳ್ಳುತ್ತಾ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದರು. ಇದ್ದಕ್ಕಿದ್ದ ಹಾಗೆ ಹಲ್ಲಿಗೆ ಹಲ್ಲು ಸಿಕ್ಕಿ ಶಾಫ್ಟು ಒಳಗೆ ಜಾರಿತು. ಒಬ್ಬರೇ ಒದ್ದಾಡುತ್ತಿದ್ದ ಕೆಲಸ ಎರಡು ನಿಮಿಷದ್ದಾಗಿತ್ತು. ನಟ್ಟು, ಪಟ್ಟಿ ಬಿಗಿದು, ಚಕ್ರ ಹಾಕಿ, ಗೇರಿನಲ್ಲಿಟ್ಟು ತಳ್ಳಿದರೆ ಕದಲಲಿಲ್ಲ.

ಹತ್ತು ಹದಿನೈದಕ್ಕೆ ಗಾಡಿ ಗೇಟು ದಾಟಿತು. ರಾಯರು ಸೈಡ್‌ಕಾರಿನಲ್ಲಿ, ಎಡಗೈ ಊರಿ, ತಾವೇ ಇಳಿದು ಕೂತಿದ್ದರು. ಆ ಜಾಗದಲ್ಲಿ ಅವರು ಕೂತದ್ದು ಅದೇ ಮೊದಲು. ಟೈಲರಮ್ಮನಿಗೆ ಹ್ಯಾಂಡಲ್ಲು ಒಂದು ಕಡೆಗೆ ಎಳೆಯುತ್ತಿತ್ತು, ತಿರುವಿನಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಪೇಟೆ ಬೀದಿ ದಾಟಿ, ಹಾಳುಬಿದ್ದ ಡಾಂಬರು ರಸ್ತೆಗೆ ಬಂದರು. ಅಲ್ಲಿ ಸ್ವಲ್ಪ ದೂರ ಹೋಗಿರಬೇಕು, ರಾಯರು ಸೈಡ್‌ಕಾರಿನ ಅಂಚನ್ನು ಪಟಪಟ ಬಡಿದರು.

ಶಾಫ್ಟೇ ಕೈಕೊಟ್ಟಿತೇನೋ ಎಂದು ಅವಳು ಗಾಬರಿಯಲ್ಲಿ ಗಾಡಿ ಪಕ್ಕಕ್ಕೆ ನಿಲ್ಲಿಸಿದಳು. ರಾಯರು ಶಾಫ್ಟಿನ ಕಡೆ ನೋಡಲೇ ಇಲ್ಲ. ಕೂತಿದ್ದ ಸೀಟನ್ನು ಎಡಗೈಯಲ್ಲಿ ಒತ್ತಿ ನೋಡುತ್ತಿದ್ದರು.

“ಇದು ಇಷ್ಟು ಕುಲುಕುತ್ತಾ?” ಅಂದರು. “ದಿನಾನೂ?”

ರಸ್ತೆ ಚೆನ್ನಾಗಿದ್ದರೆ ಸ್ವಲ್ಪ ಕಮ್ಮಿ ಅಂದಳು ಟೈಲರಮ್ಮ.

ಅವಳು ಸೊಂಟ ಹಿಡಿದುಕೊಂಡು ಮಲಗುತ್ತಿದ್ದ ರಾತ್ರಿಗಳು, ಮಿಷನ್ ತುಳಿದು ತುಳಿದು ಹಾಗಾಗಿದೆ ಎಂದು ತಾವೇ ಬೈದು ಎಣ್ಣೆ ತಿಕ್ಕಿದ್ದು, ಎಲ್ಲವೂ ರಾಯರ ಮುಖದ ಮೇಲೆ ಹಾದುಹೋದದ್ದು ಟೈಲರಮ್ಮನಿಗೆ ಕಾಣಿಸಿತು.

“ಇಪ್ಪತ್ತೇಳು ವರ್ಷ. ಒಂದು ದಿನ ಆದ್ರೂ ಬಾಯಿಬಿಟ್ಟು ಹೇಳಬಾರದಿತ್ತಾ?”

“ಹೇಳಿದ್ರೆ ನೀವು ಒಬ್ರೇ ಹೋಗ್ತಿದ್ರಿ.”

ರಾಯರು ಮುಖ ಆ ಕಡೆ ತಿರುಗಿಸಿದರು. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಅದರ ಬೆರಳನ್ನು ಒಂದೊಂದಾಗಿ ಬಿಡಿಸಿದರು.

“ನಡಿ, ಹೊತ್ತಾಗುತ್ತೆ. ಈ ಕೈ ಸರಿ ಆಗ್ಬೇಕು. ಈ ಸೀಟು ಬಿಚ್ಚಿ, ಬೇರೆ ಸ್ಪ್ರಿಂಗ್ ಹಾಕ್ಬೇಕು ನಿನಗೆ.”

ಟೈಲರಮ್ಮ ಗಾಡಿಯನ್ನು ಗೇರಿಗೆ ಹಾಕಿದಳು.